ಕಿವಿಗೆ ದೊರೆತ ಊರು

ಗೋಕಾಕಕ್ಕೆ ಬಂದ ಗವಾಯಿಗಳಿಗೆ ನಾವು ಕರದಂಟು ಕೊಟ್ಟು, ಘಟಪ್ರಭೆಯ ಜಲಪಾತ ತೋರಿಸಿ, ಆತಿಥ್ಯ ಮುಗಿಯಿತೆಂದುಕೊಳ್ಳುತ್ತೇವೆ. ಆದರೆ ಪರಸ್ಥಳವು ಗಾಯಕನಿಗೆ ತನ್ನದಾಗುವುದು ನಾಲಿಗೆಗಿಂತ ಹೆಚ್ಚಾಗಿ ಕಿವಿಯ ಮೂಲಕವೆಂದು ನನಗೆ ತೋರುತ್ತದೆ.

ನಮ್ಮದೇ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರನ್ನೇ ನೋಡಿರಿ. ಕ್ಷಯರೋಗಕ್ಕೆ ಒಣಹವೆಯನ್ನರಸಿ 1948ರಲ್ಲಿ ಅವರು ಮಾಳವದ ದೇವಾಸಕ್ಕೆ ಹೋದರು. ಹಾಡಕೂಡದೆಂದು ವೈದ್ಯರ ಅಪ್ಪಣೆಯಾಯಿತು. ಹಾಸಿಗೆ ಹಿಡಿದವರಿಗೆ ಹೋಟೆಲೆಲ್ಲಿ, ಹರಟೆಕಟ್ಟೆಯೆಲ್ಲಿ? ಮಲಗಿದಲ್ಲಿಗೇ ತೇಲಿಬಂದ ಮಾಳವದ ಜನಪದ ಹಾಡುಗಳೇ ಅವರ ಸಂಗಾತಿಗಳಾದವು. ಮುಂದೆ ಒಂದೇ ಶ್ವಾಸಕೋಶದ ಬಲದಿಂದ ಹಾಡತೊಡಗಿದಾಗ, ಆ ಧಾಟಿಗಳೇ ಹೊಸ ರಾಗಗಳಿಗೆ ಬೀಜವಾದವು. 1992ರಲ್ಲಿ ತೀರಿಕೊಳ್ಳುವವರೆಗೂ ದೇವಾಸವೇ ಅವರ ಊರಾಗಿತ್ತು.

ಮೂಡಲಗಿ ಸೀಮೆಯ ಕುಲಗೋಡದಲ್ಲಿ ಬೆಳೆದ ಶ್ರೀಕೃಷ್ಣ ಪಾರಿಜಾತ, ಹುಕ್ಕೇರಿ ಹಳ್ಳಿಗಳ ಭಜನೆ: ನಮ್ಮಲ್ಲಿ ನೆಲೆಸಬಂದ ಗಾಯಕರಿಗೆ ಕರದಂಟಿನೊಡನೆ ಇವನ್ನೂ ಕೇಳಿಸೋಣ.