ಹೆಜ್ಜೆ ಲೆಕ್ಕ ತಪ್ಪಿದೆಯೇ? ಮೊದಲು ಬ್ಯಾಂಡ್ ನೋಡಿ

ಚೆನ್ನೈ: ಬೆಳಗಿನ ಹೊತ್ತು ಮರೀನಾ, ಬೆಸೆಂಟ್ ನಗರದ ಕಡಲತೀರ, ಟಿ.ನಗರದ ನಟೇಶನ್ ಪಾರ್ಕ್, ಮೈಲಾಪುರದ ನಾಗೇಶ್ವರರಾವ್ ಪಾರ್ಕ್, ಎಲ್ಲಿ ಹೋದರೂ ವಾಕಿಂಗ್ ಮಾಡುವ ಹಿರಿಯರ ಕೈಯಲ್ಲಿ ಫಿಟ್‌ನೆಸ್ ಬ್ಯಾಂಡ್ ಕಾಣುತ್ತದೆ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ಕೊಡಿಸಿದ್ದು. ರಾತ್ರಿ ಫೋನಿನಲ್ಲಿ 'ಇವತ್ತು ಎಷ್ಟು ಹೆಜ್ಜೆ ಆಯ್ತಪ್ಪಾ?' ಎಂಬ ವಿಚಾರಣೆ ಬೇರೆ. ಸಂಖ್ಯೆ ಕಡಿಮೆಯಾಯಿತೆಂದು ನೋಯುವ ಮಂಡಿಯಲ್ಲೇ ಇನ್ನೊಂದು ಸುತ್ತು ಹೊರಡುವವರೂ ಇದ್ದಾರೆ. ಹೊರಡುವ ಮುನ್ನ ಬ್ಯಾಂಡಿನ ಲೆಕ್ಕ ಸರಿಯಿದೆಯೇ ಎಂದು ನೋಡಿಕೊಳ್ಳುವುದು ಮೇಲು.

ಎಣಿಸುವುದು ಕಾಲನ್ನಲ್ಲ

ಬ್ಯಾಂಡಿನೊಳಗಿರುವುದು ಅಕ್ಸೆಲೆರೋಮೀಟರ್ ಎಂಬ ಪುಟ್ಟ ಚಿಪ್. ಅದು ಕೈಯ ಅಲುಗಾಟವನ್ನು ಮೂರು ದಿಕ್ಕುಗಳಲ್ಲಿ ಅಳೆದು, ನಡಿಗೆಯ ಲಯ ಕಂಡರೆ ಹೆಜ್ಜೆ ಎಂದು ಬರೆದುಕೊಳ್ಳುತ್ತದೆ. ಆದ್ದರಿಂದ ವಾಕರ್ ಹಿಡಿದು ನಡೆದರೆ, ತರಕಾರಿ ಚೀಲ ಹೊತ್ತರೆ, ಕೈಕಟ್ಟಿ ನಡೆದರೆ ಲೆಕ್ಕ ಕಡಿಮೆಯಾಗಬಹುದು. ನಿಧಾನವಾಗಿ ಕಾಲೆಳೆದು ನಡೆಯುವವರಿಗೂ ಇದೇ ಸಮಸ್ಯೆ. ಭಜನೆಯಲ್ಲಿ ತಾಳ ಹಾಕಿದರೆ, ಆಟೋದಲ್ಲಿ ಕುಲುಕಿದರೆ ನಡೆಯದ ಹೆಜ್ಜೆಗಳೂ ಸೇರಬಹುದು.

ಪರೀಕ್ಷೆ ಸುಲಭ. ಸಂಖ್ಯೆ ನೋಡಿಕೊಂಡು, ಮನಸ್ಸಿನಲ್ಲೇ ಎಣಿಸುತ್ತ 100 ಹೆಜ್ಜೆ ನಡೆಯಿರಿ. ಒಂದು ನಿಮಿಷ ಬಿಟ್ಟು ಮತ್ತೆ ನೋಡಿ. ಐದಾರು ಹೆಜ್ಜೆಯ ವ್ಯತ್ಯಾಸಕ್ಕೆ ಚಿಂತೆ ಬೇಡ. 70 ಮಾತ್ರ ತೋರಿಸಿದರೆ ಪಟ್ಟಿಯನ್ನು ಸ್ವಲ್ಪ ಬಿಗಿ ಮಾಡಿ. ಬಲಗೈಯೋ ಎಡಗೈಯೋ ಎಂಬುದನ್ನು ಆ್ಯಪ್‌ನಲ್ಲಿ ಸರಿಪಡಿಸಿ. ವಾಕರ್ ಬಳಸುವವರು ಫೋನನ್ನು ಜೇಬಿನಲ್ಲಿಟ್ಟು ಅದರ ಲೆಕ್ಕದೊಂದಿಗೆ ಹೋಲಿಸಬಹುದು.

ಚಾರ್ಜ್ ಆಗದಿದ್ದರೆ

ನಮ್ಮೂರಿನ ಬೆವರು, ಉಪ್ಪುಗಾಳಿ ಬ್ಯಾಂಡಿನ ಹಿಂಬದಿಯ ಲೋಹದ ಚುಕ್ಕೆಗಳ ಮೇಲೆ ಕೊಳೆ ಕಟ್ಟಿಸುತ್ತವೆ. ಮೆತ್ತನೆಯ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಚಾರ್ಜಿಗೆ ಇಡಿ. ಸಮುದ್ರದ ನೀರು ತಾಗಿದ್ದರೆ, ಜಲನಿರೋಧಕ ಬ್ಯಾಂಡ್ ಆದರೂ ಸಿಹಿನೀರಿನಲ್ಲಿ ತೊಳೆಯಬೇಕು. ಬ್ಯಾಟರಿ ಉಬ್ಬಿ ಗಾಜು ಮೇಲೆದ್ದರೆ ಅಂದೇ ಬಳಕೆ ನಿಲ್ಲಿಸಿ.

ಲೆಕ್ಕ ಫೋನಿಗೆ ಬಾರದಿದ್ದರೆ

ಬ್ಲೂಟೂತ್ ಆನ್ ಇದೆಯೇ ನೋಡಿ. ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ನಿಲ್ಲಿಸಿರಬಹುದು; ಅದಕ್ಕೆ ವಿನಾಯಿತಿ ಕೊಡಿ. ಬ್ಯಾಂಡಿನ ನೆನಪು ಸೀಮಿತ, ತುಂಬಿದರೆ ಹಳೆಯ ದಿನಗಳು ಅಳಿಯುತ್ತವೆ. ದಿನಕ್ಕೊಮ್ಮೆ ಆ್ಯಪ್ ತೆರೆಯುವ ಅಭ್ಯಾಸವಿರಲಿ. ಪೂರ್ತಿ ರೀಸೆಟ್ ಮಾಡುವುದು ಕೊನೆಯ ಉಪಾಯ. ಫೋನಿಗೆ ಸೇರದ ಲೆಕ್ಕ ಅದರಿಂದ ಹೋಗಿಬಿಡುತ್ತದೆ.

ಹತ್ತು ಸಾವಿರ ಕಡ್ಡಾಯವೇ?

10,000 ಹೆಜ್ಜೆಯ ಗುರಿ ಪ್ರಚಾರಕ್ಕೆ ಬಂದದ್ದು 1965ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ 'ಮಾನ್ಪೋ-ಕೇ' ಎಂಬ ಯಂತ್ರದಿಂದ. ಆ ಹೆಸರಿನ ಅರ್ಥವೇ 'ಹತ್ತು ಸಾವಿರ ಹೆಜ್ಜೆ ಮಾಪಕ'. 2022ರಲ್ಲಿ 'ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್' ಪತ್ರಿಕೆಯಲ್ಲಿ ಬಂದ, 15 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ, 60 ದಾಟಿದವರಲ್ಲಿ ಸಾವಿನ ಅಪಾಯ ಇಳಿಯುತ್ತ ಬಂದು 6,000ದಿಂದ 8,000 ಹೆಜ್ಜೆಯ ಹೊತ್ತಿಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ.

ದೂರದ ಲೆಕ್ಕವೂ ಎಲ್ಲರಿಗೂ ಒಂದೇ ಅಲ್ಲ. 2023ರ ನವೆಂಬರ್‌ನಲ್ಲಿ ತಮಿಳುನಾಡು ಸರ್ಕಾರ ಆರಂಭಿಸಿದ 'ನಡಪ್ಪೋಂ ನಲಂ ಪೆರುವೋಂ' ಯೋಜನೆಯ ನಡಿಗೆ 8 ಕಿ.ಮೀ. ಹೆಜ್ಜೆಯ ಉದ್ದ 80 ಸೆಂ.ಮೀ. ಇದ್ದವರಿಗೆ ಅದು 10,000 ಹೆಜ್ಜೆ, 60 ಸೆಂ.ಮೀ. ಇಡುವ ಅಜ್ಜಿಗೆ 13,000ಕ್ಕೂ ಹೆಚ್ಚು!

ವೈದ್ಯರಿಗೆ ಲೆಕ್ಕ ತೋರಿಸುವವರು 100 ಹೆಜ್ಜೆಯ ಪರೀಕ್ಷೆಯಲ್ಲಿ ಬಂದ ಸಂಖ್ಯೆಯನ್ನೂ ಹೇಳಬೇಕು. ಮಕ್ಕಳು ಊರಿಗೆ ಬಂದಾಗ ಆ ಪರೀಕ್ಷೆಯನ್ನು ಹೆತ್ತವರ ಜೊತೆ ನಡೆದೇ ಮಾಡಿದರೆ ಇನ್ನೂ ಒಳ್ಳೆಯದು.