ಮಾರಿದ ಮಾಲು ವಾಪಸ್ ಬಂದಾಗ ಮೋಸ ಹೋಗದಿರೋಣ



ಕಳೆದ ಮಳೆಗಾಲದಲ್ಲಿ ಧಾರವಾಡದ ಕಡೆಯ ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಎಲ್ಲರೂ ಉಳಿತಾಯ ಕಟ್ಟುತ್ತಿದ್ದರೆ ಒಬ್ಬ ಸದಸ್ಯೆ ಮಾತ್ರ ತಲೆ ತಗ್ಗಿಸಿ ಕೂತಿದ್ದರು. ಅವರು ಇಳಕಲ್ ಸೀರೆಗೆ ಕಸೂತಿ ಹಾಕಿ ಮೊಬೈಲ್ ಆ್ಯಪ್ ಮೂಲಕ ಮಾರುವವರು. ಕೇಳಿದ್ದಕ್ಕೆ, "ಅಕ್ಕಾರ, ಸೀರಿ ವಾಪಸ್ ಬಂತ್ರಿ. ಪಾರ್ಸೆಲ್ ತೆಗದು ನೋಡಿದ್ರ ಅದು ನಂದಲ್ರೀ, ಯಾವುದೋ ಹಳೇ ನೈಲಾನ್ ಸೀರಿ" ಎಂದು ಕಣ್ಣೀರು ಒರೆಸಿಕೊಂಡರು. ಮೂರು ವಾರದ ಕೈಕೆಲಸ, 3,200 ರೂಪಾಯಿ ಬೆಲೆ. ಸೀರೆ ಮತ್ತು ನೂಲಿಗೆ ಸಂಘದಿಂದ 5,000 ರೂಪಾಯಿ ಸಾಲ ತೆಗೆದಿದ್ದರು. ಕಂಪನಿಗೆ ದೂರು ಕೊಟ್ಟರೆ "ನೀವು ಕಳಿಸಿದ್ದು ಕಸೂತಿ ಸೀರೆಯೇ ಎಂಬುದಕ್ಕೆ ಪುರಾವೆ ಏನು?" ಎಂಬ ಉತ್ತರ ಬಂತು. ಪುರಾವೆ ಇರಲಿಲ್ಲ. ಸೀರೆಯೂ ಹೋಯಿತು, ದುಡ್ಡೂ ಹೋಯಿತು, ಸಾಲದ ಕಂತು ಮಾತ್ರ ಉಳಿಯಿತು.

ಇಂದು ನಮ್ಮ ಅನೇಕ ಸಂಘಗಳಲ್ಲಿ ಸೀರೆ, ಬ್ಯಾಗು, ಮಸಾಲೆ ಪುಡಿ, ಆಭರಣ ಮುಂತಾದವನ್ನು ಆನ್‌ಲೈನಿನಲ್ಲಿ ಮಾರುವವರಿದ್ದಾರೆ. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಮಾರಾಟಗಾರರಿಗೂ ರಾಜ್ಯದ ಒಳಗೆ ಆನ್‌ಲೈನ್ ಕಂಪನಿಗಳ ಮೂಲಕ ಸರಕು ಮಾರಲು ಅವಕಾಶ ಸಿಕ್ಕಿದೆ. ಪ್ಯಾನ್ ಕಾರ್ಡ್ ಇದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆ ಪಡೆಯಬಹುದು. ಇದು ಒಳ್ಳೆಯದೇ. ಆದರೆ ಸಂತೆಯಲ್ಲಿ ಮಾರುವಾಗ ಗಿರಾಕಿ ಎದುರಿಗೇ ಇರುತ್ತಾಳೆ. ಇಲ್ಲಿ ಗಿರಾಕಿಯ ಮುಖ ನಮಗೆ ಕಾಣದು, ನಮ್ಮ ಮಾಲು ಅವಳ ಕೈಗೆ ಸಿಕ್ಕಿರದು. ಆದ್ದರಿಂದ ವಾಪಸ್ ಕಳಿಸುವ ಅವಕಾಶ ಇರಲೇಬೇಕು. ಅದನ್ನೇ ಕೆಲವರು ಮೋಸಕ್ಕೆ ಬಳಸುತ್ತಾರೆ.

ವಾಪಸ್ ಬಂದದ್ದೆಲ್ಲ ಮೋಸವಲ್ಲ

ಮೊದಲು ಒಂದು ಮಾತು ತಿಳಿದುಕೊಳ್ಳೋಣ. ಪಾರ್ಸೆಲ್ ವಾಪಸ್ ಬರುವುದು ಎರಡು ಬಗೆ. ಒಂದು, ಗಿರಾಕಿ ಮನೆಯಲ್ಲಿ ಇರಲಿಲ್ಲ, ವಿಳಾಸ ಸಿಗಲಿಲ್ಲ, ಇಲ್ಲವೇ ಕ್ಯಾಶ್ ಆನ್ ಡೆಲಿವರಿ ಇದ್ದು ಹಣ ಕೊಡಲು ಒಪ್ಪಲಿಲ್ಲ. ಆಗ ಕೊರಿಯರ್‌ನವರು ಡಬ್ಬಿ ಬಿಚ್ಚದೇ ಹಿಂದಕ್ಕೆ ತರುತ್ತಾರೆ. ಎರಡು, ಗಿರಾಕಿ ಬಿಚ್ಚಿ ನೋಡಿ ಬೇಡವೆಂದು ಕಳಿಸುವುದು. ಇದರಲ್ಲಿಯೂ ಬಹಳ ಸಲ ನ್ಯಾಯವಾದ ಕಾರಣ ಇರುತ್ತದೆ. ಫೋಟೋದಲ್ಲಿ ಕಂಡ ಬಣ್ಣವೇ ಬೇರೆ, ಬಂದ ಬಣ್ಣವೇ ಬೇರೆ; ರವಿಕೆ ಅಳತೆ ತಪ್ಪಿದೆ; ಹೊಲಿಗೆ ಬಿಟ್ಟಿದೆ. ಇಂಥಲ್ಲಿ ತಪ್ಪು ನಮ್ಮದು.

2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಮಾಲು ದೋಷದಿಂದ ಕೂಡಿದ್ದರೆ, ನಕಲಿಯಾಗಿದ್ದರೆ ಅಥವಾ ನಾವು ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರರು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. "ಮಾರಿದ ಮಾಲು ವಾಪಸ್ ಇಲ್ಲ" ಎಂದು ಬೋರ್ಡು ಹಾಕಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಾವು ಪ್ರಾಮಾಣಿಕರಾಗಿದ್ದರೆ ಮಾತ್ರ ಮೋಸಗಾರರನ್ನು ಧೈರ್ಯದಿಂದ ಎದುರಿಸಬಹುದು.

ಮೋಸ ಹೇಗೆ ನಡೆಯುತ್ತದೆ?

ಬದಲಿ ಮಾಲು: ಹೊಸದನ್ನು ಇಟ್ಟುಕೊಂಡು ಹಳೆಯದನ್ನು ಅಥವಾ ಅಗ್ಗದ್ದನ್ನು ಡಬ್ಬಿಗೆ ಹಾಕಿ ಕಳಿಸುವುದು. ನಮ್ಮ ಸದಸ್ಯೆಗೆ ಆದದ್ದು ಇದೇ.

ಉಟ್ಟು ಕಳಿಸುವುದು: ಮದುವೆಗೋ ಹಬ್ಬಕ್ಕೋ ಉಟ್ಟು, ಮರುದಿನ "ಇಷ್ಟವಾಗಲಿಲ್ಲ" ಎಂದು ವಾಪಸ್ ಮಾಡುವುದು. ಬೆವರಿನ ವಾಸನೆ, ಅರಿಶಿನದ ಕಲೆ, ಪಿನ್ನು ಚುಚ್ಚಿದ ಗುರುತು ನೋಡಿದರೆ ಗೊತ್ತಾಗುತ್ತದೆ.

ಖಾಲಿ ಡಬ್ಬಿ: "ಒಳಗೆ ಏನೂ ಇರಲಿಲ್ಲ" ಅಥವಾ "ಎರಡು ಹೇಳಿದ್ದೆ, ಒಂದೇ ಬಂತು" ಎಂದು ಹೇಳಿ ಹಣ ವಾಪಸ್ ಕೇಳುವುದು.

ಬಂದೇ ಇಲ್ಲ ಎನ್ನುವುದು: ಪಾರ್ಸೆಲ್ ತೆಗೆದುಕೊಂಡು "ತಲುಪಿಲ್ಲ" ಎನ್ನುವುದು.

ಇವೆಲ್ಲದರಲ್ಲೂ ಒಂದು ಸಮಾನ ಅಂಶವಿದೆ. ಕಂಪನಿಯ ಮುಂದೆ ಇರುವುದು ಎರಡು ಬಾಯಿಮಾತು, ಗಿರಾಕಿಯದೊಂದು, ನಮ್ಮದೊಂದು. ಪುರಾವೆ ಇದ್ದವರ ಮಾತಿಗೆ ಬೆಲೆ. ಹಾಗಾಗಿ ಪುರಾವೆ ಮೊದಲೇ ಮಾಡಿಟ್ಟುಕೊಳ್ಳಬೇಕು. ಮೋಸ ಆದ ಮೇಲೆ ಹುಡುಕಿದರೆ ಸಿಗದು.

ಕಳಿಸುವ ಮೊದಲು

1. ಮಾಲಿನ ವಿವರ ಸರಿಯಾಗಿ ಬರೆಯಿರಿ. ಉದ್ದ, ಅಗಲ, ಬಟ್ಟೆಯ ಜಾತಿ, ತೊಳೆಯುವ ವಿಧಾನ ಹೇಳಿ. ಕೈಕೆಲಸದಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ ಎಂದೂ ಬರೆಯಿರಿ. ಫೋಟೋವನ್ನು ಹಗಲು ಬೆಳಕಿನಲ್ಲಿ ತೆಗೆಯಿರಿ.

2. ಪ್ರತಿ ಮಾಲಿಗೂ ಒಂದು ಗುರುತು ಇರಲಿ. ಸೀರೆಯಾದರೆ ಸೆರಗಿನ ಒಳಬದಿಯ ಮೂಲೆಯಲ್ಲಿ ಸಣ್ಣ ಹೊಲಿಗೆ ಹಾಕಬಹುದು. ಅದರ ಫೋಟೋ ತೆಗೆದಿಡಿ. ಗುರುತು ಎಲ್ಲಿದೆ ಎಂದು ಗಿರಾಕಿಗೆ ಹೇಳಬೇಕಾಗಿಲ್ಲ.

3. ಚೀಟಿಯನ್ನು ಕಣ್ಣಿಗೆ ಕಾಣುವ ಜಾಗದಲ್ಲಿ ದಾರದಿಂದ ಕಟ್ಟಿ. ಅದನ್ನು ಕತ್ತರಿಸದೆ ಉಡಲು ಆಗಬಾರದು.

4. ಪ್ಯಾಕ್ ಮಾಡುವಾಗ ವಿಡಿಯೋ ಮಾಡಿ. ಮಧ್ಯದಲ್ಲಿ ನಿಲ್ಲಿಸಬೇಡಿ. ಆರ್ಡರ್ ನಂಬರ್, ಮಾಲು, ಗುರುತು, ಡಬ್ಬಿಗೆ ಹಾಕುವುದು, ಟೇಪ್ ಅಂಟಿಸುವುದು, ಮೇಲಿನ ವಿಳಾಸದ ಚೀಟಿ, ಇಷ್ಟೂ ಒಂದೇ ವಿಡಿಯೋದಲ್ಲಿ ಬರಲಿ. ಎರಡು ನಿಮಿಷ ಸಾಕು.

5. ತೂಕ ಹಾಕಿ. ಅಂಚೆಯಲ್ಲಿ ಸ್ಪೀಡ್ ಪೋಸ್ಟ್ ಮಾಡಿದರೆ ರಸೀದಿಯಲ್ಲಿ ತೂಕ ಮತ್ತು ಟ್ರ್ಯಾಕಿಂಗ್ ನಂಬರ್ ಇರುತ್ತದೆ. ರಸೀದಿಯನ್ನು ಸಂಘದ ಫೈಲಿನಲ್ಲಿ ಇಡಿ. "ಖಾಲಿ ಡಬ್ಬಿ ಬಂತು" ಎಂದವರಿಗೆ ಈ ತೂಕವೇ ಉತ್ತರ.

ವಾಪಸ್ ಬಂದಾಗ

ಕೊರಿಯರ್ ಹುಡುಗ ಅವಸರ ಮಾಡುತ್ತಾನೆ, "ಬೇಗ ಸೈನ್ ಮಾಡಿ ಅಕ್ಕಾ" ಅಂತಾನೆ. ಅವಸರ ಪಡಬೇಡಿ. ಡಬ್ಬಿ ಹರಿದಿದೆಯೇ, ಟೇಪ್ ಬದಲಾಗಿದೆಯೇ, ತೂಕ ಕಡಿಮೆ ಅನ್ನಿಸುತ್ತದೆಯೇ ನೋಡಿ. ಏನಾದರೂ ಅನುಮಾನ ಬಂದರೆ ಅವನ ಎದುರಿಗೇ ಫೋಟೋ ತೆಗೆಯಿರಿ. ಸಹಿ ಮಾಡುವಲ್ಲಿ ಬರೆಯಲು ಜಾಗ ಇದ್ದರೆ "ಡಬ್ಬಿ ಹರಿದಿದೆ" ಎಂದು ಬರೆಯಿರಿ.

ಡಬ್ಬಿಯನ್ನು ಒಬ್ಬರೇ ಬಿಚ್ಚಬೇಡಿ. ಮೊದಲು ವಿಡಿಯೋ ಶುರು ಮಾಡಿ, ನಾಲ್ಕೂ ಬದಿ ಮತ್ತು ಮೇಲಿನ ಚೀಟಿ ತೋರಿಸಿ, ಆಮೇಲೆ ಕತ್ತರಿ ಹಾಕಿ. ಮಾಲನ್ನು ಬಿಡಿಸಿ ಗುರುತು ಇರಬೇಕಾದ ಜಾಗ ತೋರಿಸಿ. ಬದಲಿ ಮಾಲು ಸಿಕ್ಕರೆ ಎಸೆಯಬೇಡಿ, ಡಬ್ಬಿಯ ಸಮೇತ ಹಾಗೇ ಇಡಿ.

ಅದೇ ದಿನ ಕಂಪನಿಗೆ ದೂರು ಹಾಕಿ. ಅಮೆಜಾನ್‌ನಲ್ಲಿ ಇದಕ್ಕೆ ಸೇಫ್-ಟಿ ಕ್ಲೇಮ್ ಎನ್ನುತ್ತಾರೆ. ಬೇರೆ ಆ್ಯಪ್‌ಗಳಲ್ಲಿ ಬೇರೆ ಹೆಸರು ಇರಬಹುದು. ದೂರು ಕೊಡಲು ಇಂತಿಷ್ಟೇ ದಿನ ಎಂದು ಗಡುವು ಇರುತ್ತದೆ, ಅದು ಆಗಾಗ ಬದಲಾಗುತ್ತದೆ. ಮಾರಲು ಶುರು ಮಾಡುವ ಮೊದಲೇ ಅದನ್ನು ಓದಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ದೂರಿನಲ್ಲಿ ಸಿಟ್ಟು ಬೇಡ, ವಿವರ ಇರಲಿ: "ಇಂಥ ತಾರೀಖು ಈ ಸೀರೆ ಕಳಿಸಿದೆವು, ತೂಕ ಇಷ್ಟು. ಇಂಥ ತಾರೀಖು ಬೇರೆ ಸೀರೆ ಬಂತು, ತೂಕ ಇಷ್ಟು. ಎರಡೂ ವಿಡಿಯೋ ಲಗತ್ತಿಸಿದ್ದೇವೆ." ಮೊದಲ ಸಲ ತಿರಸ್ಕರಿಸಿದರೆ ಅಲ್ಲಿಗೇ ಬಿಡಬೇಡಿ, ಮತ್ತೆ ಕೇಳಿ. ಅದೇ 2020ರ ನಿಯಮಗಳ ಪ್ರಕಾರ ಆನ್‌ಲೈನ್ ಕಂಪನಿಗಳಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು, ಅವರ ಹೆಸರು ಮತ್ತು ಸಂಪರ್ಕ ವಿವರ ಆ್ಯಪ್‌ನಲ್ಲಿ ಇರಬೇಕು. ಅವರಿಗೂ ಬರೆಯಿರಿ.

ವಾಟ್ಸ್ಆ್ಯಪ್‌ನಲ್ಲಿ ಮಾರುವವರಿಗೆ

ಇಲ್ಲಿ ನಡುವೆ ಕಂಪನಿ ಇಲ್ಲ, ಆದ್ದರಿಂದ ಎಚ್ಚರ ಇನ್ನೂ ಹೆಚ್ಚು ಬೇಕು. ವಾಪಸ್ ಮಾಡುವ ನಿಯಮವನ್ನು ಮೊದಲೇ ಬರೆದು ಕಳಿಸಿ: ಎಷ್ಟು ದಿನದ ಒಳಗೆ, ಚೀಟಿ ಹಾಗೇ ಇರಬೇಕು, ಅಂಚೆ ಖರ್ಚು ಯಾರದು. ಮಾಲು ನಮ್ಮ ಕೈ ಸೇರಿ, ಪರೀಕ್ಷೆ ಮಾಡಿದ ಮೇಲೆಯೇ ಹಣ ಹಿಂದಿರುಗಿಸಿ. ಹಣ ಯಾವ ಖಾತೆಯಿಂದ ಬಂದಿತ್ತೋ ಅದೇ ಖಾತೆಗೆ ಹಾಕಿ.

"ತಪ್ಪಿ 500ರ ಬದಲು 5,000 ಹಾಕಿಬಿಟ್ಟೆ, ಉಳಿದದ್ದು ವಾಪಸ್ ಕೊಡಿ" ಎಂದು ಯಾರಾದರೂ ಸ್ಕ್ರೀನ್‌ಶಾಟ್ ಕಳಿಸಿದರೆ ನಂಬಬೇಡಿ. ಮೊಬೈಲಿಗೆ ಬರುವ ಮೆಸೇಜನ್ನೂ ನಕಲಿ ಮಾಡಬಹುದು. ಬ್ಯಾಂಕ್ ಖಾತೆಯ ಬಾಕಿಯನ್ನು ನೀವೇ ನೋಡಿ. ಯುಪಿಐ ಪಿನ್ ಒತ್ತುವುದು ಹಣ ಕೊಡುವುದಕ್ಕೆ ಮಾತ್ರ, ಪಡೆಯುವುದಕ್ಕೆ ಅಲ್ಲ. "ಹಣ ಬರಬೇಕಾದರೆ ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎಂದರೆ ಅದು ಮೋಸವೇ.

ಹೀಗೆ ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮೋಸ ಮಾಡಿ ವಸ್ತು ಪಡೆಯುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಪ್ರಕಾರ ಅಪರಾಧ. ದೊಡ್ಡ ನಷ್ಟವಾದಾಗ ಪುರಾವೆ ಸಮೇತ ಪೊಲೀಸ್ ಠಾಣೆಗೆ ಹೋಗಲು ಹೆದರಬೇಕಿಲ್ಲ. ಜೊತೆಗೆ ಇಬ್ಬರು ಸದಸ್ಯೆಯರು ಹೋಗಿ.

ಆದರೆ ಒಂದನ್ನು ಮಾಡಬೇಡಿ. ಸಿಟ್ಟಿನಲ್ಲಿ ಗಿರಾಕಿಯ ಫೋನ್ ನಂಬರ್, ವಿಳಾಸ, ಫೋಟೋವನ್ನು ಸ್ಟೇಟಸ್‌ಗೆ ಹಾಕಿ "ಕಳ್ಳಿ" ಎಂದು ಬರೆಯಬೇಡಿ. ಆಗ ತಪ್ಪು ನಮ್ಮ ತಲೆಗೇ ಬರುತ್ತದೆ. ಕೆಲವೊಮ್ಮೆ ಮಾಲು ಬದಲಾಗಿದ್ದು ದಾರಿಯಲ್ಲಿ, ಗಿರಾಕಿಗೆ ಅದರ ಅರಿವೇ ಇಲ್ಲದಿರಬಹುದು.

ಸಂಘವಾಗಿ ಏನು ಮಾಡಬಹುದು?

ಒಬ್ಬಳಿಗೆ ಭಾರವಾದದ್ದು ಹತ್ತು ಜನರಿಗೆ ಹಗುರ. ಆ ಸದಸ್ಯೆಯ ವಿಷಯವನ್ನು ಸಂಘ ಅಂದೇ ಸಭೆಯಲ್ಲಿ ತೆಗೆದುಕೊಂಡಿತು. ಎರಡು ತಿಂಗಳ ಕಂತನ್ನು ಮುಂದಕ್ಕೆ ಹಾಕಲು ಒಪ್ಪಿ ನಿರ್ಣಯ ಪುಸ್ತಕದಲ್ಲಿ ಬರೆದರು. ಆನ್‌ಲೈನ್ ಮಾರಾಟದಲ್ಲಿ ಬಂದ ಪ್ರತಿ ನೂರು ರೂಪಾಯಿಗೆ ಎರಡು ರೂಪಾಯಿ ತೆಗೆದಿಟ್ಟು ನಷ್ಟ ನಿಧಿ ಮಾಡುವುದೆಂದು ತೀರ್ಮಾನಿಸಿದರು. ಎರಡು ಸಾವಿರಕ್ಕಿಂತ ಹೆಚ್ಚಿನ ಸೀರೆಯನ್ನು ವಾಟ್ಸ್ಆ್ಯಪ್‌ನಲ್ಲಿ ಮುಂಗಡ ಹಣ ಬಾರದೆ ಕಳಿಸುವುದಿಲ್ಲ ಎಂದೂ ಬರೆದರು. ಪಿಯುಸಿ ಓದುವ ಒಬ್ಬ ಮಗಳು ವಿಡಿಯೋ ಮಾಡಿಕೊಡಲು ಮುಂದೆ ಬಂದಳು.

ಈಗ ಆ ಸದಸ್ಯೆ ಮತ್ತೆ ಸೂಜಿ ಹಿಡಿದಿದ್ದಾರೆ. "ಮೊದಲ ವಿಡಿಯೋ, ಆಮ್ಯಾಲೆ ಟೇಪ್ ರೀ" ಎಂದು ಈಗ ಅವರೇ ಉಳಿದವರಿಗೆ ಹೇಳಿಕೊಡುತ್ತಾರೆ.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಸಂಘದಲ್ಲಿ ಯಾರೆಲ್ಲ ಆನ್‌ಲೈನಿನಲ್ಲಿ ಮಾರುತ್ತಿದ್ದಾರೆ? ಯಾರಿಗಾದರೂ ಹೀಗೆ ಆಗಿದೆಯೇ?

2. ನಮ್ಮ ಮಾಲಿಗೆ ಯಾವ ಗುರುತು ಹಾಕಬಹುದು?

3. ನಷ್ಟ ನಿಧಿಗೆ ಎಷ್ಟು ತೆಗೆದಿಡೋಣ, ಅದನ್ನು ಯಾವಾಗ ಕೊಡೋಣ?