ಡೋಪಮೈನ್ ಬಂದೊಡನೆ ಬೆಳಗುವ ಪ್ರೋಟೀನು

ಮಿದುಳಿನ ಒಂದು ಮೂಲೆಯಲ್ಲಿ, ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಬಿಡುಗಡೆಯಾಯಿತು ಎಂದು ತಿಳಿಯಲು ಬಹುಕಾಲ ಎರಡು ಮುಖ್ಯ ದಾರಿಗಳಿದ್ದವು. ಸಣ್ಣ ನಳಿಕೆ ಇಳಿಸಿ ದ್ರವ ಹೊರತೆಗೆಯಬಹುದು. ಆದರೆ ಒಂದೊಂದು ಮಾದರಿಗೂ ನಿಮಿಷಗಳು ಬೇಕು, ಸಂದೇಶವೋ ಅಷ್ಟರಲ್ಲಿ ಬಂದು ಹೋಗಿರುತ್ತದೆ. ಕಾರ್ಬನ್ ಎಳೆಯ ವಿದ್ಯುದ್ವಾರ ಚುರುಕಾಗಿ ಅಳೆಯುತ್ತದೆ. ಆದರೆ ಡೋಪಮೈನ್ ಯಾವುದು, ಅದನ್ನೇ ಹೋಲುವ ನಾರ್‌ಅಡ್ರಿನಲಿನ್ ಯಾವುದು ಎಂದು ಬೇರ್ಪಡಿಸಿ ಹೇಳಲು ಕಷ್ಟಪಡುತ್ತದೆ.

ಮೂರನೆಯ ದಾರಿ ತೆರೆದದ್ದು ಸಮುದ್ರದ ಒಂದು ಲೋಳೆಮೀನಿನಿಂದ. ಒಸಾಮು ಶಿಮೊಮುರಾ ಮತ್ತು ಸಂಗಡಿಗರು 1962ರಲ್ಲಿ ವರದಿ ಮಾಡಿದ ಅದರ ಹಸಿರು ಪ್ರೋಟೀನು 238 ಅಮೈನೊ ಆಮ್ಲಗಳ ಸರಪಳಿ. ಅದು ಕೊಳವೆಯಂತೆ ಮಡಚಿಕೊಂಡಿದೆ, ಬೆಳಕು ಸೂಸುವ ಭಾಗ ಒಳಗಿದೆ. 1999ರಲ್ಲಿ ರೋಜರ್ ಚಿಯೆನ್ ಅವರ ಪ್ರಯೋಗಾಲಯ ಈ ಸರಪಳಿಯ ಹಳೆಯ ತುದಿಗಳನ್ನು ಬೆಸೆದು, ಬೆಳಕಿನ ಭಾಗದ ಹತ್ತಿರವೇ ಹೊಸ ತುದಿಗಳನ್ನು ತೆರೆದು ತೋರಿಸಿತು. ಆ ತುದಿಗಳಿಗೆ ಬೇರೊಂದು ಪ್ರೋಟೀನು ಜೋಡಿಸಿದರೆ, ಅದು ಅಲುಗಿದಾಗ ಬೆಳಕೂ ಏರಿಳಿಯುತ್ತದೆ. ಇಡೀ ಕಸುಬು ನಿಂತಿರುವುದು ಇದರ ಮೇಲೆ.

ಅಲುಗುವ ಭಾಗವನ್ನು ಪ್ರಕೃತಿಯಿಂದಲೇ ಎರವಲು ತರುತ್ತಾರೆ. ಇನ್ನೊಂದು ಸಂದೇಶವಾಹಕವಾದ ಗ್ಲುಟಮೇಟ್ ಗುರುತಿಸಲು ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದವರು ಇ. ಕೋಲಿ ಬ್ಯಾಕ್ಟೀರಿಯಾದ ಪ್ರೋಟೀನನ್ನು ಆರಿಸಿಕೊಂಡರು. ಗ್ಲುಟಮೇಟ್ ಸಿಕ್ಕರೆ ಅದು ಕಪ್ಪೆಚಿಪ್ಪಿನಂತೆ ಮುಚ್ಚಿಕೊಳ್ಳುತ್ತದೆ. ಡೋಪಮೈನಿಗೆ, ಅದನ್ನು ಹಿಡಿಯುವ ನರಕೋಶದ ಪ್ರೋಟೀನನ್ನೇ, ಅಂದರೆ ಗ್ರಾಹಿಯನ್ನೇ, ಬಳಸಲಾಯಿತು. 2018ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಲಿನ್ ಟಿಯಾನ್ ತಂಡ ಡಿ1 ಗ್ರಾಹಿಯ ಒಳಬದಿಯ ಮೂರನೆಯ ಕುಣಿಕೆ ತೆಗೆದು, ಅಲ್ಲಿ ಹಸಿರು ಪ್ರೋಟೀನು ಕೂರಿಸಿತು. ಅದೇ ವರ್ಷ ಪೀಕಿಂಗ್ ವಿಶ್ವವಿದ್ಯಾಲಯದ ಯುಲಾಂಗ್ ಲಿ ತಂಡ ಡಿ2 ಗ್ರಾಹಿಯಿಂದ ಮತ್ತೊಂದು ಸಂವೇದಕ ಮಾಡಿತು.

ಹೇಳುವಾಗ ಸುಲಭ ಅನಿಸುತ್ತದೆ. ನನ್ನ ಮಟ್ಟಿಗೆ ನಿಜವಾದ ಕುಶಲತೆ ಇರುವುದು ಎರಡು ಪ್ರೋಟೀನು ಕೂಡುವ ಬೆಸುಗೆಯಲ್ಲಿ. ಅಲ್ಲಿ ಬೇಕಾಗುವುದು ಕೆಲವೇ ಅಮೈನೊ ಆಮ್ಲಗಳು. ಆದರೆ ಪ್ರತಿ ಜಾಗಕ್ಕೂ 20 ಆಯ್ಕೆಗಳಿವೆ; ನಾಲ್ಕು ಜಾಗ ಎಂದರೆ 1,60,000 ಜೋಡಣೆ. ಬಹಳಷ್ಟು ಕೆಲಸಕ್ಕೆ ಬರುವುದಿಲ್ಲ. ಕೆಲವು ಕೋಶಪೊರೆಯನ್ನೇ ತಲುಪುವುದಿಲ್ಲ, ಕೆಲವು ಡೋಪಮೈನ್ ಇರಲಿ ಬಿಡಲಿ ಒಂದೇ ಸಮನೆ ಬೆಳಗುತ್ತವೆ. ಮೊದಲು ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಒಂದೊಂದನ್ನೂ ಪರೀಕ್ಷಿಸಿ, ಗೆದ್ದವನ್ನಷ್ಟೇ ಇಲಿಯ ಮಿದುಳಿಗೆ ಒಯ್ಯುತ್ತಾರೆ. ಟಿಯಾನ್ ತಂಡದ ಒಂದು ಸಂವೇದಕದಲ್ಲಿ ಬೆಳಕು ಸುಮಾರು 340% ಏರಿತು. ಜತೆಗೆ ಮತ್ತೊಂದು ಎಚ್ಚರವೂ ಬೇಕು: ಕೂರಿಸಿದ ಗ್ರಾಹಿ ತಾನೇ ಕೋಶಕ್ಕೆ ಸಂದೇಶ ಕಳಿಸತೊಡಗಿದರೆ, ನೋಡಬೇಕಾದ ಮಿದುಳೇ ಬದಲಾಗಿಬಿಡುತ್ತದೆ.

ಡೋಪಮೈನನ್ನು ಬಿಗಿಯಾಗಿ ಹಿಡಿಯುವ ಸಂವೇದಕ ಕಣ್ತಪ್ಪುವಷ್ಟು ಸಣ್ಣ ಪ್ರಮಾಣವನ್ನೂ ಕಾಣುತ್ತದೆ, ಬಿಡುವುದು ಮಾತ್ರ ನಿಧಾನ. ಸಡಿಲವಾಗಿ ಹಿಡಿಯುವುದು ಚುರುಕು, ಆದರೆ ಸಣ್ಣದನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಒಂದೇ ಸಂವೇದಕ ಎಲ್ಲ ಪ್ರಯೋಗಕ್ಕೂ ಸಾಲದು. ಪ್ರಶ್ನೆ ನೋಡಿ ಆರಿಸಬೇಕು.

ಈಗ ಅಸಿಟೈಲ್‌ಕೋಲಿನ್, ಸೆರೊಟೋನಿನ್‌ಗಳಿಗೂ ಇಂಥವು ಬಂದಿವೆ. ಕೆಂಪು ಬಣ್ಣದವೂ ಇರುವುದರಿಂದ ಎರಡು ರಾಸಾಯನಿಕಗಳನ್ನು ಒಟ್ಟಿಗೇ ಗಮನಿಸಬಹುದು. ಆದರೂ ಹೊಳಪು ಹೇಳುವುದು ಏರಿತೋ ಇಳಿಯಿತೋ ಎಂಬುದನ್ನು. ಎಷ್ಟಿದೆ ಎಂಬ ನಿಖರ ಲೆಕ್ಕವನ್ನಲ್ಲ. ಅದಕ್ಕಾಗಿ ಕೆಲವು ತಂಡಗಳು ಹೊಳಪನ್ನು ಬಿಟ್ಟು, ಬೆಳಕು ಆರಲು ತಗಲುವ ನ್ಯಾನೋಸೆಕೆಂಡುಗಳನ್ನು ಅಳೆಯುತ್ತಿವೆ. ಕೋಶದಲ್ಲಿ ಸಂವೇದಕ ಹೆಚ್ಚಿದ್ದರೂ ಕಡಿಮೆಯಿದ್ದರೂ ಆ ಅವಧಿ ಬದಲಾಗದು.